ದೇವರ ಮನೆಯ ಗಿಟಾರ್

ಹಾನಗಲ್ಲಿಗೆ ಬಂದ ಮರುದಿನ ಬೆಳಿಗ್ಗೆ ನನ್ನ ಗಿಟಾರಿಗೆ ವಿಭೂತಿ ಹಚ್ಚಿತ್ತು. ಮೂರು ಬೆರಳಿನ ಗೆರೆ, ಮೇಲೊಂದು ಕಣಗಿಲ ಹೂವು. ಮನೆಯೊಡತಿ ಗೌರವ್ವ ಅದನ್ನು ನನ್ನ ಕೋಣೆಯಿಂದ ಒಯ್ದು ದೇವರ ಮನೆಯಲ್ಲಿ ನಿಲ್ಲಿಸಿದ್ದರು.

"ವಾದ್ಯ ಅಂದ್ರ ದೇವ್ರಲ್ಲೇನ್ರಿ ಅಕ್ಕೋರ? ಕಾಲು ತಾಕೋ ಜಾಗಾದಾಗ ಇಡ್ತಾರೇನ್ರಿ ಯಾರರ? ಬೇಕಾದಾಗ ಜಳಕಾ ಮಾಡಿ ತಗೋರಿ."

ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಬೆಂಗಳೂರಿನಲ್ಲಿ ಅದೇ ಗಿಟಾರಿನ ಮೇಲೆ ನಾವು ಟೀ ಲೋಟ ಇಡುತ್ತಿದ್ದೆವು. ನಾವೆಂದರೆ ನಾಲ್ವರ ರಾಕ್ ತಂಡ. ಬೇರೆಯವರ ಹಾಡು ಹಾಡುವುದಿಲ್ಲ ಎಂಬುದೊಂದೇ ನಮ್ಮ ನಿಯಮ. ಮೂರು ವರ್ಷ ಕಾಲೇಜು ಸಭಾಂಗಣಗಳಲ್ಲಿ ನುಡಿಸಿದೆವು. ಬರೆಯುವವಳು, ಹಾಡುವವಳು ನಾನು. ನನಗೆ ಇಲ್ಲಿ ಹೈಸ್ಕೂಲಿನ ಕೆಲಸ ಸಿಕ್ಕಾಗ ಡ್ರಮ್ಸ್ ಬಾರಿಸುವ ಮೋಹನ, "ಅಭ್ಯಾಸ ಬಿಡಬೇಡ, ನಿನ್ನ ಜಾಗ ಹಾಗೇ ಇರುತ್ತೆ" ಎಂದಿದ್ದ.

ಗಿಟಾರ್ ಪೂಜೆಯ ವಸ್ತುವಲ್ಲ ಎಂದು ಅಂದೇ ಹೇಳಬಹುದಿತ್ತು. ಮೊದಲ ವಾರ ಎರಡು ಸಲ ಕೇಳಿ ಕೋಣೆಗೆ ತಂದುಕೊಂಡೆ. ಗೌರವ್ವ ಬಾಗಿಲಲ್ಲಿ ಕೈಮುಗಿದು ಕುಳಿತರು. ಅವರೆದುರು ನಮ್ಮ ಹಾಡು ಬಾಯಿಗೆ ಬರಲಿಲ್ಲ. ಆಮೇಲೆ ಕೇಳುವುದನ್ನೇ ಬಿಟ್ಟೆ.

ಉಳಿದದ್ದನ್ನು ಕಲಿತೆ. ಖಡಕ್ ರೊಟ್ಟಿ ಮುರಿಯುವುದು, ಹಾವೇರಿ ಬಸ್ಸಿನ ಕಿಟಕಿಯೊಳಕ್ಕೆ ಕರವಸ್ತ್ರ ಎಸೆದು ಸೀಟು ಹಿಡಿಯುವುದು. ಬೆಂಗಳೂರಿನಲ್ಲಿ ಊಟವಾಯಿತೇ ಎಂದು ಕೇಳುವವರಿರಲಿಲ್ಲ. ಇಲ್ಲಿ ದಾರಿಯುದ್ದಕ್ಕೂ ಕೇಳುತ್ತಿದ್ದರು. ಆಗಿರಲಿ ಬಿಡಲಿ, ಆಯಿತು ಎನ್ನುತ್ತಿದ್ದೆ.

ನಾನು ಬಂದ ಒಂಬತ್ತನೆಯ ತಿಂಗಳು ಅಂಚೆಯಲ್ಲಿ ಒಂದು ಕ್ಯಾಸೆಟ್ ಬಂತು. ನಮ್ಮ ತಂಡದ ಮೊದಲ ಧ್ವನಿಮುದ್ರಣ. ನನ್ನಲ್ಲಿ ಟೇಪ್‌ರೆಕಾರ್ಡರ್ ಇರಲಿಲ್ಲ. ಬಸ್ ನಿಲ್ದಾಣದ ಪಕ್ಕ ಸವಣೂರಿನ ದಸ್ತಗೀರ ಸಾಹೇಬರ ಮೈಕ್‌ಸೆಟ್ ಅಂಗಡಿ ಇತ್ತು. ಶಿಗ್ಗಾವಿ, ಹಿರೇಕೆರೂರಿನ ಮದುವೆಗಳಿಗೂ ಅವರದೇ ಹಾರ್ನ್ ಸ್ಪೀಕರ್. ಕ್ಯಾಸೆಟ್ ಅವರ ಕೈಗೆ ಕೊಟ್ಟು, ಮೆಲ್ಲಗೆ ಹಾಕಿ ಎಂದೆ.

"ಹೊಸಾ ಕ್ಯಾಸೆಟ್ ಹಾರ್ನಿಗೇ ಹಚ್ಚಿ ನೋಡಬೇಕ್ರಿ ಅಕ್ಕೋರ. ಡಬ್ಬಿಯೊಳಗ ಕೇಳಿದ್ರ ಏನ ತಿಳಿತೈತಿ?"

ಇಡೀ ಬಜಾರಿಗೆ ಕೇಳಿಸಿತು. ನಾನು ಬರೆದ ಹಾಡು. ಹಾಡುತ್ತಿದ್ದವಳು ಬೇರೆ ಹುಡುಗಿ.

ಚಹಾದಂಗಡಿಯಿಂದ ಯಾರೋ ಕೂಗಿದರು: "ಏ ಸಾಹೇಬ, ಯಾರ ಹೊಡದಾರೋ ಅಕಿನ್ನ? ಹಿಂಗ್ಯಾಕ ಚೀರಾಕತ್ತಾಳ!"

"ಸುಮ್ನಿರೋ, ಅಕ್ಕೋರ ಕ್ಯಾಸೆಟ್ ಅದು." ಸಾಹೇಬರು ನನ್ನತ್ತ ತಿರುಗಿದರು. "ನಿಮ್ಮ ಪೈಕೇನ್ರಿ ಹಾಡಿದಾಕಿ?"

"ಇಲ್ಲ, ಗುರುತಿಲ್ಲ" ಎಂದೆ. ಅದು ನಿಜವೇ ಆಗಿತ್ತು.

ಕ್ಯಾಸೆಟ್ಟಿನ ಜೊತೆಗಿದ್ದ ಮೋಹನನ ಚೀಟಿಯಲ್ಲಿ ಹೀಗಿತ್ತು: "ಎಷ್ಟು ದಿನ ಕಾಯುವುದು? ರಜೆಗೆ ಬಂದಾಗ ಒಂದು ಹಾಡು ಹಾಡು, ಅತಿಥಿಯಾಗಿ."

ಬೇಸಿಗೆ ರಜೆಗೆ ಹೊರಟಾಗ ಗೌರವ್ವ ಕೇಳಿದರು, "ದೇವ್ರ ಮನ್ಯಾಗಿಂದು ಒಯ್ತೀರೇನ್ರಿ?"

"ಬ್ಯಾಡ್ರಿ, ಅಲ್ಲೇ ಇರ್ಲಿ."

ಬೆಂಗಳೂರಿನ ವೇದಿಕೆಯಲ್ಲಿ ಮೋಹನ ನನ್ನನ್ನು "ಹಾನಗಲ್ಲಿನಿಂದ ಬಂದ ಗೆಳತಿ" ಎಂದು ಪರಿಚಯಿಸಿದ. ಕ್ಯಾಸೆಟ್ಟಿನಲ್ಲಿ ಹಾಡಿದ್ದ ಹುಡುಗಿ ತನ್ನ ಗಿಟಾರ್ ಕೊಟ್ಟಳು. ಹೆಗಲಿಗೇರಿಸುವ ಮುನ್ನ ಅದನ್ನು ಕಣ್ಣಿಗೊತ್ತಿಕೊಂಡೆ. ಮುಂದಿನ ಸಾಲಿನಲ್ಲಿ ಯಾರೋ ನಕ್ಕರು.