ಕೊಬ್ಬರಿ ಕೋಣೆಗೆ ಸಿಕ್ಕ ಅತ್ತೆ

ಮಧ್ಯಾಹ್ನ ಊಟವಾದ ಮೇಲೆ ಗೋಡೆ ನೋಡುತ್ತ ಮಲಗುವುದು ನನ್ನ ಚಟ. ಮನೆಯಲ್ಲಿ ನನ್ನನ್ನು ಕಾಫಿ ಕೇಳದಿರುವುದು ಗೋಡೆಯೊಂದೇ. ಹಾಗೆ ಒಂದು ದಿನ ಹೊನ್ನವಳ್ಳಿಯ ನಮ್ಮ ಕೊಬ್ಬರಿ ಕೋಣೆಯಲ್ಲಿ ತಂಪಿಗೆಂದು ಕಿಟಕಿ, ಬಾಗಿಲು ಮುಚ್ಚಿ ಮಲಗಿದ್ದೆ. ಎದುರಿನ ಸುಣ್ಣದ ಗೋಡೆಯ ಮೇಲೆ ನಮ್ಮ ತೆಂಗಿನ ಮರಗಳು ತಲೆಕೆಳಗಾಗಿ ತೂಗುತ್ತಿದ್ದವು! ಕಿಟಕಿಯ ಹಲಗೆಯಲ್ಲಿ ಮೊಳೆ ಕಿತ್ತ ತೂತೊಂದಿತ್ತು, ಅಷ್ಟೇ.

ಕಾನ್ವೆಂಟಿನಲ್ಲಿ ಸಿಸ್ಟರ್ ಇದನ್ನೇ ಬೋರ್ಡಿನ ಮೇಲೆ ಬರೆದಿದ್ದರು. ಬೆಳಕು ನೇರವಾಗಿ ಹೋಗುತ್ತದೆ, ಸಣ್ಣ ತೂತಿನಲ್ಲಿ ನುಸುಳುವಾಗ ಮೇಲಿನದು ಕೆಳಗೆ, ಕೆಳಗಿನದು ಮೇಲೆ. ಮೇಣದಬತ್ತಿಯ ಚಿತ್ರ ಬರೆದು ಅಂಕ ಗಿಟ್ಟಿಸಿದ್ದ ನನಗೆ, ಆ ಪಾಠ ನಮ್ಮ ಮನೆಗೂ ಅನ್ವಯಿಸುತ್ತದೆಂದು ಹೊಳೆದೇ ಇರಲಿಲ್ಲ. ಅತ್ತೆಯನ್ನು ಕರೆದು ತೋರಿಸಿದೆ. ಬಹಳ ಹೊತ್ತು ನೋಡಿ, "ಮರ ಹಿಂಗೇ ಬೆಳೆದಿದ್ರೆ ಹತ್ತೋನ್ನ ಕಾಯೋ ಪಾಡು ತಪ್ತಿತ್ತು ಕಣವ್ವ. ನಿಂತಲ್ಲೇ ಕಿತ್ಕೋಬೋದಿತ್ತು" ಅಂದರು.

ನನ್ನ ಯೋಚನೆ ಬೇರೆಯೇ ಇತ್ತು. ಮನೆಯಲ್ಲಿ ಅತ್ತೆಯ ಒಂದು ಫೋಟೋ ಇಲ್ಲ. ನಮ್ಮ ಮದುವೆಯ ಆಲ್ಬಮ್ಮಿನಲ್ಲಿ ಅವರ ಸೆರಗಿನ ಅಂಚಷ್ಟೇ ಇದೆ. ಸ್ಟುಡಿಯೋಗೆ ಕರೆದರೆ, "ಆವಯ್ಯ ಕರೀ ಮುಸುಕಿನೊಳಗಿಂದ ದಿಟ್ಟಿಸ್ತಾನೆ, ನಾನು ಬರಾಕಿಲ್ಲ" ಎನ್ನುತ್ತಿದ್ದರು. ನನ್ನ ಮಗಳು ದೊಡ್ಡವಳಾಗಿ ಅಜ್ಜಿ ಹೇಗಿದ್ದರೆಂದು ಕೇಳಿದರೆ ಸೆರಗು ತೋರಿಸಲೇ? ಇಲ್ಲಿ ಮುಸುಕೂ ಇಲ್ಲ, ದಿಟ್ಟಿಸುವವರೂ ಇಲ್ಲ. ಅತ್ತೆ ಒಪ್ಪಿದರು.

ಯಜಮಾನರು ತಿಪಟೂರಿನ ಸ್ಟುಡಿಯೋದಿಂದ ಫೋಟೋ ಕಾಗದ ತಂದರು. ಹೆಂಚಿನ ಸಂದಿಗೆಲ್ಲ ತೆಂಗಿನ ನಾರು ತುರುಕಿ, ಬಾಗಿಲಿಗೆ ಕಂಬಳಿ ಹೊದಿಸಿ, ತೂತಿನೆದುರು ಹಲಗೆ ನಿಲ್ಲಿಸಿ ಅದಕ್ಕೆ ಕಾಗದ ಅಂಟಿಸಿದೆ. ಅತ್ತೆ ಹೊರಗೆ, ತೂತಿನ ನೇರಕ್ಕೆ, ಜಗುಲಿಯ ಬಿಸಿಲಿನಲ್ಲಿ ಕೂತರು. ಇಂಥ ಚಿತ್ರಕ್ಕೆ ಒಂದು ಪಾತ್ರೆ ಅನ್ನ ಬೇಯುವಷ್ಟು ಹೊತ್ತು ಬೇಕು.

ಕಾಗದ ಸ್ಟುಡಿಯೋದಲ್ಲಿ ತೊಳೆಸಿಕೊಂಡು ಬಂತು. ಚಿತ್ರದಲ್ಲಿ ಜಗುಲಿ ಬಿದ್ದಿತ್ತು, ಕಂಬ ಬಿದ್ದಿತ್ತು, ಮೆಲುಕು ಹಾಕುತ್ತ ಮಲಗಿದ್ದ ಹಸುವೂ ಬಿದ್ದಿತ್ತು. ಅತ್ತೆ ಮಾತ್ರ ಇಲ್ಲ. ಕೋಳಿ ಓಡಿಸಲು, ಮೆಣಸಿನಕಾಯಿ ಕೆದಕಲು, ದಾರಿಯಲ್ಲಿ ಹೋಗುವವರನ್ನು ಮಾತಾಡಿಸಲು ಅವರು ಎದ್ದೆದ್ದು ಹೋಗಿದ್ದರು. ನಿಲ್ಲದವರನ್ನು ಆ ತೂತು ಲೆಕ್ಕಕ್ಕೇ ಹಿಡಿಯುವುದಿಲ್ಲ.

"ಹಸುಗಿರೋ ಸಮಾಧಾನ ನಿಂಗಿಲ್ವಲ್ಲವ್ವ" ಎಂದು ಯಜಮಾನರು ಛೇಡಿಸಿದರು.

"ಅದಕ್ಕೆ ಹುಲ್ಲು ಹಾಕಾಕೆ ನಾನಿದೀನಿ ಕಣ್ಲಾ, ಮಲಗ್ತದೆ. ನಂಗ್ಯಾರವ್ರೆ?"

ಅತ್ತೆ ಅಲುಗದೆ ಕೂರುವ ಹೊತ್ತು ಯಾವುದೆಂದು ಆಮೇಲೆ ಗಮನಿಸುತ್ತ ಹೋದೆ. ಸಿಕ್ಕಿತು. ಮೊಮ್ಮಗಳು ತೊಡೆಯ ಮೇಲೆ ನಿದ್ದೆ ಹೋದರೆ, ಹಾಲು ಉಕ್ಕಿದರೂ ಅವರು ಏಳುವುದಿಲ್ಲ. ಮಾಗಿಯ ಎಳೆಬಿಸಿಲಿಗೆ ಜಗುಲಿಯಲ್ಲಿ ಮಗು ಮಲಗಿತು, ನಾನು ಕೋಣೆಗೆ ಓಡಿದೆ.

ಈ ಸಲದ ಚಿತ್ರದಲ್ಲಿ ಅತ್ತೆ ಬಂದಿದ್ದರು. ಆ ಕಾಗದದಲ್ಲಿ ಬಿಳಿಯದು ಕಪ್ಪಾಗಿ, ಕಪ್ಪು ಬಿಳಿಯಾಗಿ ಮೂಡುತ್ತದೆ. ಸ್ಟುಡಿಯೋದವರು ಸರಿಯಾಗಿ ತಿರುಗಿಸಿ ಕೊಡುತ್ತಾರೆ ಅಂದೆ. "ಬ್ಯಾಡ ಬುಡು. ಕೂದ್ಲು ಕಪ್ಪಗೈತೆ, ಮಕ ಬೆಳ್ಳಗೈತೆ. ಹಿಂಗೇ ಇದ್ದಿದ್ರೆ ನಿಮ್ಮಾವ ನೋಡಾಕೆ ಬಂದಾಗ ಅಷ್ಟೊಂದು ಯೋಚ್ನೆ ಮಾಡ್ತಿರ್ಲಿಲ್ಲ" ಎಂದು ನಕ್ಕರು.

ಒಂದೇ ಕೊರತೆ. ಮಗುವಿನ ಬೆನ್ನು ತಟ್ಟುತ್ತಿದ್ದ ಬಲಗೈ ಇರಲಿಲ್ಲ, ಅದರ ಜಾಗದಲ್ಲಿ ಮಂಜಿನಂಥ ಮಸುಕು. ಇನ್ನೊಂದು ಸಲ ಕೈ ನಿಲ್ಲಿಸಿ ಕೂತರೆ ಪೂರ್ತಿ ಬರುತ್ತದೆ ಅತ್ತೆ, ಅಂದೆ.

"ಕೈ ನಿಲ್ಸಿದ್ರೆ ಮಗು ಎದ್ಬುಡ್ತಿತ್ತು ಕಣವ್ವ. ಆಗ ಪಟದಾಗೆ ಇಬ್ರೂ ಬೀಳ್ತಿರ್ಲಿಲ್ಲ."

ನಾನು ಇನ್ನೊಂದು ಹಾಳೆ ತರಿಸಲಿಲ್ಲ.