ಐವತ್ತು ಕುದುರೆ, ಮೂವತ್ತೇಳು ಕುದುರೆ

ಮೊನ್ನೆ ಗದಗಿನಲ್ಲಿ ನಮ್ಮ ಅಕ್ಕನ ಮೊಮ್ಮಗಳ ಮದುವೆಯಿತ್ತು. ಮದುಮಗನ ಮೆರವಣಿಗೆಗೆಂದು ಎಲ್ಲಿಂದಲೋ ಒಂದು ಹಳೆಯ ಅಂಬಾಸಡರ್ ಕಾರು ತರಿಸಿದ್ದರು. ಹೂವಿನ ಸರಗಳ ನಡುವಿನಿಂದ ಪೆಟ್ರೋಲಿನ ವಾಸನೆ ಮೂಗಿಗೆ ಬಡಿಯಿತು, ಜೊತೆಗೆ ಬಿಸಿಲಿಗೆ ಕಾದ ರೆಕ್ಸಿನ್ ಸೀಟಿನ ವಾಸನೆ. ಬೇರೆಯವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಇನ್ನಷ್ಟು ಹತ್ತಿರ ಹೋಗಿ ನಿಂತೆ. ಹುಡುಗರು ಬಾನೆಟ್ ಎತ್ತಿ ವಾದಕ್ಕಿಳಿದಿದ್ದರು. ಹಳೆಯ ಪೆಟ್ರೋಲ್ ಇಂಜಿನ್ ಐವತ್ತು ಎಚ್‌ಪಿ, ಅಂದರೆ ಐವತ್ತು ಕುದುರೆಗಳ ಶಕ್ತಿ, ಡೀಸೆಲ್ ಮೂವತ್ತೇಳು, ಆಮೇಲೆ ಬಂದ ಹೊಸ ಇಂಜಿನ್ ಎಪ್ಪತ್ತೈದು ಎಂದು ಒಬ್ಬ ಫೋನು ನೋಡಿ ಓದುತ್ತಿದ್ದ. ಐವತ್ತು, ಮೂವತ್ತೇಳು... ಈ ಎರಡನ್ನು ನನಗೆ ಯಾರೂ ಓದಿ ಹೇಳಬೇಕಾಗಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಬಾಲವಾಡಿ ಶಿಕ್ಷಕಿಯಾಗಿ ಮುಂಡರಗಿಗೆ ಹೋದಾಗ ಆ ಊರಲ್ಲಿ ನನಗೆ ಒಂದು ನಾಯಿಯ ಪರಿಚಯವೂ ಇರಲಿಲ್ಲ. ಮದುವೆಯಾಗದ ಹೆಂಗಸಿಗೆ ಮನೆ ಕೊಡಲು ಜನ ಹಿಂದೆ ಮುಂದೆ ನೋಡುತ್ತಿದ್ದ ಕಾಲ. ಕೊನೆಗೆ ಒಂದು ಖೋಲಿ ಸಿಕ್ಕಿತು. ಅದರ ಗೋಡೆಗೆ ಗೋಡೆ ಹಚ್ಚಿ ಇದ್ದದ್ದು ಟ್ಯಾಕ್ಸಿ ಚಾಚಾನ ಮನೆ. ಊರೆಲ್ಲ ಅವರನ್ನು ಚಾಚಾ ಎನ್ನುತ್ತಿತ್ತು, ನಾನೂ ಹಾಗೆಯೇ ಕರೆದೆ. ಅವರ ಹೆಂಡತಿ ನನಗೆ ಚಾಚಿಯಾದರು. ಮಕ್ಕಳಿರಲಿಲ್ಲ. ಅವರಿಬ್ಬರು, ಮತ್ತು ಮನೆಯ ಮುಂದೆ ನಿಲ್ಲುವ ಒಂದು ಕರಿಯ ಅಂಬಾಸಡರ್.

ಚಾಚಿಗೆ ಕಣ್ಣು ಹೋಗುತ್ತಾ ಬಂದಿತ್ತು. ನಾನು ಹೋಗುವ ಹೊತ್ತಿಗೆ ಬೆಳಕು ಕತ್ತಲೆ ಎರಡು ಬಿಟ್ಟು ಬೇರೇನೂ ಕಾಣುತ್ತಿರಲಿಲ್ಲ. ಆದರೂ ಅಡುಗೆ ಮನೆ ಬಿಟ್ಟುಕೊಟ್ಟವರಲ್ಲ. ಜೋಳದ ರೊಟ್ಟಿ ಬಡಿಯುವಾಗ ಅಂಗೈಯ ಸಪ್ಪಳದ ಮೇಲೆಯೇ ಅದು ಎಲ್ಲಿ ದಪ್ಪ, ಎಲ್ಲಿ ತೆಳು ಎಂದು ತಿಳಿಯುತ್ತಿದ್ದರು. ಅದಕ್ಕೆ ಚಾಚಾ ಒಂದು ಕಟ್ಟಳೆ ಮಾಡಿದ್ದರು. ತಮ್ಮ ಕಾರು ಓಣಿಯ ತಿರುವಿಗೆ ಬಂದ ಸಪ್ಪಳ ಕೇಳುವ ತನಕ ಒಲೆ ಹಚ್ಚುವ ಹಾಗಿಲ್ಲ. ಸೀರೆಗೆ ಕಿಡಿ ಬಿದ್ದರೆ ತಾವು ಮನೆಯಲ್ಲಿ ಇರಬೇಕು, ಅಷ್ಟೇ. ದಿನಾ ಸಂಜೆ ಚಾಚಿ ಹಿಟ್ಟು ನಾದಿಟ್ಟು, ಕಡ್ಡಿಪೆಟ್ಟಿಗೆ ಕೈಯಲ್ಲಿ ಹಿಡಿದು ಒಲೆಯ ಮುಂದೆ ಕುಳಿತಿರುತ್ತಿದ್ದರು. ತಿರುವಿನಲ್ಲಿ ಆ ಇಂಜಿನ್ ಗುಂಯ್ ಎಂದ ಕೂಡಲೇ ಕಡ್ಡಿ ಗೀರುತ್ತಿದ್ದರು.

ನಾಚಿಕೆ ಏಕೆ, ಹೇಳಿಯೇ ಬಿಡುತ್ತೇನೆ. ಗೋಡೆಯ ಈಚೆ ನಾನೂ ಅದೇ ಸಪ್ಪಳಕ್ಕೆ ಸ್ಟೋ ಹಚ್ಚುತ್ತಿದ್ದೆ. ನನಗೆ ಬರುವವರು ಯಾರೂ ಇರಲಿಲ್ಲ. ಒಬ್ಬಳಿಗಾಗಿ ಅಡುಗೆ ಮಾಡಿಕೊಳ್ಳುವುದಕ್ಕೆ ಏನಾದರೂ ಒಂದು ನೆಪ ಬೇಕಿತ್ತು.

ಟ್ಯಾಕ್ಸಿಗಳು ನಿಲ್ಲುತ್ತಿದ್ದದ್ದು ನಮ್ಮ ಬಾಲವಾಡಿಯ ಪಕ್ಕದ ಬೇವಿನ ಮರದ ಕೆಳಗೆ. ಎಂಬತ್ತರ ದಶಕ ಬರುತ್ತಿದ್ದಂತೆ ಡೀಸೆಲ್ ಅಂಬಾಸಡರ್‌ಗಳು ಬಂದವು. ಒಬ್ಬೊಬ್ಬರೇ ಡೀಸೆಲ್ ಗಾಡಿ ತಂದರು, ಇಲ್ಲವೆ ಹಳೆಯ ಕಾರಿಗೆ ಡೀಸೆಲ್ ಇಂಜಿನ್ ಕೂರಿಸಿದರು. ಮೊದಲು ತಂದಾತ ಚಾಚಾನ ಜೀವದ ಗೆಳೆಯ. ಅವತ್ತಿನಿಂದ ಅವನಿಗೆ ಡೀಸೆಲ್ ಮಾಮಾ ಎಂದೇ ಹೆಸರಾಯಿತು. ಚಾಚಾ ಒಬ್ಬರೇ ಪೆಟ್ರೋಲ್ ಬಿಡಲಿಲ್ಲ.

"ಐವತ್ತು ಎಚ್‌ಪಿ ಬಿಟ್ಟು ಮೂವತ್ತೇಳಕ್ಕ ಇಳಿಯಾಕ ನನಗೇನು ಹುಚ್ಚು ಹಿಡದೈತೇನು?" ಎನ್ನುತ್ತಿದ್ದರು ಚಾಚಾ. "ಹದಿಮೂರು ಕುದುರಿ ಎಲ್ಲಿ ಬಿಟ್ಟು ಬರಲಿ?"

ನಮ್ಮ ಕಡೆ ಎಚ್‌ಪಿ ಅಂದರೆ ಜನಕ್ಕೆ ಗೊತ್ತಿದ್ದದ್ದು ಬಾವಿಯ ಪಂಪು ಒಂದೇ. ಡೀಸೆಲ್ ಮಾಮಾ ಆ ಲೆಕ್ಕದಲ್ಲೇ ತಿರುಗೇಟು ಕೊಡುತ್ತಿದ್ದ. "ನಮ್ಮ ಬಾಂವಿಗೆ ಐದು ಎಚ್‌ಪಿ ಪಂಪ್ ಐತಿ. ನಿನ್ನ ಗಾಡಿ ಹತ್ತು ಬಾಂವಿ ನೀರು ಎತ್ತಬೇಕಲೇ. ಎತ್ತತೈತೇನು? ಗದಗ ಮುಟ್ಟೂದ್ರಾಗ ತಾನ ಒಂದು ಬಾಂವಿ ಪೆಟ್ರೋಲ್ ಕುಡಿತೈತಿ." ಮರದ ಕೆಳಗಿನವರೆಲ್ಲ ನಗುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ನಾನೂ ಮನಸ್ಸಿನಲ್ಲೇ ಅಂದುಕೊಂಡದ್ದುಂಟು. ಗಂಡಸರ ಹಟ, ಇನ್ನೇನು.

ಒಮ್ಮೆ ಗುಡ್ಡದ ಕಡೆಯ ಡೋಣಿ ಎಂಬ ಊರಲ್ಲಿ ಕಣ್ಣಿಗೆ ಗಿಡಮೂಲಿಕೆ ಔಷಧಿ ಹಾಕುವವರಿದ್ದಾರೆ ಎಂದು ಯಾರೋ ಹೇಳಿದರು. ಚಾಚಾ ಚಾಚಿಯನ್ನು ಕರೆದುಕೊಂಡು ಹೊರಟರು, ಜೊತೆಗೆ ನಾನೂ ಹೋದೆ. ಗುಡ್ಡದ ಕಡೆ ಏರು ಬಂದಾಗ ಹಿಂದಿನಿಂದ ಡೀಸೆಲ್ ಮಾಮಾನ ಕಾರು ಬಂತು. ಒಳಗೆ ಒಂದು ಸಂಸಾರವನ್ನೇ ತುಂಬಿಕೊಂಡು, ಹೊಗೆ ಉಗುಳುತ್ತಾ, ಹಾರ್ನ್ ಹೊಡೆದು ನಮ್ಮನ್ನು ದಾಟಿಯೇ ಹೋಯಿತು. ಚಾಚಾ ವೇಗ ಹೆಚ್ಚಿಸಲಿಲ್ಲ. ಕಲ್ಲುದಾರಿ, ಚಾಚಿಗೆ ಕುಲುಕಬಾರದು ಎಂದು ಸೈಕಲ್ಲಿನ ಹಾಗೆ ಓಡಿಸುತ್ತಿದ್ದರು. ಮರುದಿನ ಬೇವಿನ ಮರದ ಕೆಳಗೆ ಕೇಳಬೇಕೆ?

"ಯಾಕೋ, ನಿನ್ನ ಐವತ್ತೂ ಕುದುರಿ ಮೇಯಾಕ ಹೋಗಿದ್ದುವೇನು?" ಎಂದು ಮಾಮಾ ಕೇಳಿದ. ನಗುವೆಲ್ಲ ಮುಗಿದ ಮೇಲೆ ತನ್ನ ಕಾರಿನ ಕೀಲಿಯನ್ನು ಚಾಚಾನ ಕೈಗಿಟ್ಟ. "ಇವತ್ತೊಂದು ದಿನ ನನ್ನ ಗಾಡಿ ಹೊಡದು ನೋಡು. ನಿನ್ನ ಸಂಸಾರದ ಸಲುವಾಗಿ ಹೇಳಾಕತ್ತೀನಿ." ಆ ಮಾತು ಖರೆ ಕಳಕಳಿಯದು. ಪೆಟ್ರೋಲ್ ಕಾರಿಗೆ ಬಾಡಿಗೆ ಗಿಟ್ಟದೆ ಚಾಚಾ ಸೊರಗಿದ್ದು ಎಲ್ಲರಿಗೂ ಕಾಣುತ್ತಿತ್ತು.

ಅವತ್ತು ಸಂಜೆ ನಾನು ಚಾಚಿಯ ಹತ್ತಿರ ಕುಳಿತು ಬೇಳೆ ಹಸನು ಮಾಡುತ್ತಿದ್ದೆ. ಚಾಚಿಯ ಕೈಯಲ್ಲಿ ಕಡ್ಡಿಪೆಟ್ಟಿಗೆ ಇತ್ತು. ಓಣಿಯಲ್ಲಿ ಒಂದು ಡೀಸೆಲ್ ಕಾರು ಬಂದು ನಿಂತಿತು. ಚಾಚಿ ಅಲ್ಲಾಡಲಿಲ್ಲ. ಊರಲ್ಲಿ ಅಂಥವು ಎಷ್ಟೋ ಓಡಾಡುತ್ತಿದ್ದವು. ಬಾಗಿಲಲ್ಲಿ ನೆರಳು ಬಿತ್ತು.

"ಯಾರು?" ಎಂದರು ಚಾಚಿ, ಸೆರಗು ತಲೆಯ ಮೇಲೆ ಎಳೆದುಕೊಳ್ಳುತ್ತಾ.

ಹೊಸಿಲಲ್ಲಿ ನಿಂತಿದ್ದವರು ಚಾಚಾ. ಆ ಮುಖವನ್ನು ನಾನು ಮರೆತಿಲ್ಲ. ಸ್ವಂತ ಮನೆಯಲ್ಲಿ, ಸ್ವಂತ ಹೆಂಡತಿ ಪರಪುರುಷ ಬಂದನೆಂದು ಸೆರಗು ಎಳೆದುಕೊಂಡಿದ್ದಳು... ಚಾಚಾ ದನಿ ಕೊಟ್ಟ ಮೇಲೆ ಚಾಚಿ ನಕ್ಕುಬಿಟ್ಟರು. "ನಿಮ್ಮ ಗಾಡಿ ಸಪ್ಪಳ ಬರಲಿಲ್ಲಲ್ರೀ, ಒಲಿ ಹೆಂಗ ಹಚ್ಚಲಿ?" ಚಾಚಾ ನಗಲಿಲ್ಲ. ಹೋಗಿ ಕೈಕಾಲು ತೊಳೆದುಕೊಂಡು ಬಂದು ತಾವೇ ಒಲೆ ಹಚ್ಚಿದರು.

ಮರುದಿನ ಬೆಳಿಗ್ಗೆ ಮಾಮಾನ ಕೀಲಿ ಮಾಮಾನಿಗೆ ಹೋಯಿತು. "ಹದಿಮೂರು ಕುದುರಿ ಬಿಡಾಕ ಆಗಂಗಿಲ್ಲ ಬಿಡೋ" ಎಂದು ಚಾಚಾ ಮತ್ತೆ ಶುರು ಮಾಡಿದರು. ಊರಿಗೊಂದು ದಾರಿಯಾದರೆ ಎಡವಟ್ಟನಿಗೊಂದು ದಾರಿ ಎಂದು ಜನ ಆಡಿಕೊಂಡರು. ಬಾಲವಾಡಿಯ ಕಿಟಕಿಯಲ್ಲಿ ನಿಂತು ನಾನು ಕೇಳಿದೆ, ಈ ಸಲ ನಗು ಬರಲಿಲ್ಲ. ಗಂಡಸರ ನಡುವೆ ನಿಂತು ಹೆಂಡತಿಯ ಒಲೆಯ ಮಾತು ಹೇಗೆ ಆಡಿಯಾರು? ಎಚ್‌ಪಿಯ ಮಾತಾದರೆ ಆಡಬಹುದಿತ್ತು. ನಾನೂ ಯಾರಿಗೂ ಹೇಳಲಿಲ್ಲ. ಡೋಣಿಯ ಔಷಧಿಯಿಂದ ಏನೂ ಆಗಲಿಲ್ಲ. ಮುಂದೆ ಕೆಲವು ವರ್ಷ ಆ ಇಂಜಿನ್ ಹಾಗೆಯೇ ಗುಂಯ್ ಎನ್ನುತ್ತಾ ತಿರುವಿಗೆ ಬಂತು, ಗೋಡೆಯ ಆಚೆ ಈಚೆ ಎರಡು ಒಲೆ ಹತ್ತಿದವು.

ಒಂದು ಬೇಸಿಗೆಯಲ್ಲಿ ಚಾಚಿ ಜ್ವರದಿಂದ ಹೋಗಿಬಿಟ್ಟರು. ನಲವತ್ತನೆಯ ದಿನದ ಫಾತೆಹಾ ಪ್ರಾರ್ಥನೆ ಮುಗಿಯಿತು. ಅದರ ಮರುದಿನವೇ ಚಾಚಾ ಕಾರನ್ನು ಗದಗಿಗೆ ಒಯ್ದು ಪೆಟ್ರೋಲ್ ಇಂಜಿನ್ ಇಳಿಸಿ ಡೀಸೆಲ್ ಕೂರಿಸಲು ಬಿಟ್ಟರು. ಬೇವಿನ ಮರದ ಕೆಳಗೆ ಯಾರೂ ಚೇಷ್ಟೆ ಮಾಡಲಿಲ್ಲ. "ಹದಿಮೂರು ಕುದುರಿ ಹೋದ್ವಲ್ಲೋ" ಎಂದು ಡೀಸೆಲ್ ಮಾಮಾ ಮೆಲ್ಲಗೆ ಅಂದ. "ಹೋಗ್ಲಿ ಬಿಡು" ಎಂದರು ಚಾಚಾ. ಅಷ್ಟು ವರ್ಷ ಕಾದಿದ ವಾದ ಎರಡು ಮಾತಿನಲ್ಲಿ ಮುಗಿಯಿತು.

ಕಾರು ತಯಾರಾಗಿ ಬಂದ ದಿನ ಸಂಜೆ ನಾನು ಸ್ಟೋ ಮುಂದೆ ಸುಮ್ಮನೆ ಕುಳಿತಿದ್ದೆ. ಹೊರಗೆ ಯಾವುದೋ ಡೀಸೆಲ್ ಗಾಡಿ ನಿಂತಿತು. ಪಕ್ಕದ ಮನೆಯ ಚಿಲಕ ಸಪ್ಪಳವಾಯಿತು. ಬೀಗ ಹಾಕಿದ ಮನೆ, ಕಳ್ಳಕಾಕರ ಭಯ. ಹಿತ್ತಲ ಗೋಡೆಯ ಹತ್ತಿರ ಹೋಗಿ, "ಯಾರು?" ಎಂದು ಕೂಗಿದೆ.

ಚಿಲಕದ ಸಪ್ಪಳ ನಿಂತಿತು. ಆಮೇಲೆ, "ನಾನ ರೀ ಅಕ್ಕೋರ... ನಾನ" ಎಂದರು ಚಾಚಾ. ಚಿಲಕ ಸರಿಸುತ್ತಾ, "ಯಾರು ಅಂತ ಕೇಳಾವರು ಒಬ್ರರ ಅದಾರಲ್ಲ, ಆತು" ಎಂದರು.

ನಾನು ಒಳಗೆ ಬಂದು ಅತ್ತೆ. ಚಾಚಿಗಾಗಿ ಅತ್ತೆನೋ, ಚಾಚಾನಿಗಾಗಿ ಅತ್ತೆನೋ, ಇನ್ನು ಮುಂದೆ ನನಗೂ ಯಾವ ಸಪ್ಪಳವೂ ಇಲ್ಲ ಎಂದು ಅತ್ತೆನೋ... ಆಮೇಲೆ ನನಗೆ ಲಕ್ಷ್ಮೇಶ್ವರಕ್ಕೆ ವರ್ಗವಾಯಿತು. ಚಾಚಾ ತಾವೇ ಟ್ರಂಕು ಎತ್ತಿಟ್ಟು, ಕಾರಿನಲ್ಲಿ ನನ್ನನ್ನು ಬಿಟ್ಟು ಬಂದರು. ಅವರು ತೀರಿಹೋದ ಖಬರ ನನಗೆ ಮುಟ್ಟಿದ್ದು ಎಷ್ಟೋ ತಿಂಗಳ ಮೇಲೆ, ಬಸ್ಸಿನಲ್ಲಿ ಸಿಕ್ಕ ಮುಂಡರಗಿಯವರೊಬ್ಬರ ಬಾಯಿಂದ.

ಮದುವೆ ಮನೆಯ ಹುಡುಗರು ಕಾರು ಚಾಲೂ ಮಾಡಿದರು. ನಾನು ಕಣ್ಣು ಮುಚ್ಚಿ ಕೇಳಿದೆ. ಅದು ಎಪ್ಪತ್ತೈದರ ಇಂಜಿನ್ ಅಂತೆ, ಬಹಳ ನಯವಾದ ಸಪ್ಪಳ. ಚಾಚಾನದಲ್ಲ. "ಅಜ್ಜಿ, ಹತ್ರಿ, ಒಂದು ಸುತ್ತು ಹೋಗಿ ಬರೂಣು" ಎಂದರು. ಬೇಡವೆಂದೆ.

ಈಗ ಗದಗಿನಲ್ಲಿ ಒಬ್ಬಳೇ ಇದ್ದೇನೆ. ಒಲೆ ಹಚ್ಚಲು ಗ್ಯಾಸಿನ ಕಿವಿ ತಿರುವಿದರೆ ಸಾಕು. ಮನೆಯ ಮುಂದೆ ಸಂಜೆಗೆ ಎಷ್ಟೋ ಗಾಡಿಗಳು ಬಂದು ನಿಲ್ಲುತ್ತವೆ, ಎಲ್ಲವೂ ಅಕ್ಕಪಕ್ಕದವರವು. ಆದರೂ ಒಮ್ಮೊಮ್ಮೆ ಬಾಗಿಲ ಕಡೆ ತಿರುಗಿ "ಯಾರು?" ಎನ್ನುತ್ತೇನೆ. ಇಲ್ಲಿಯ ತನಕ ಯಾರೂ "ನಾನ" ಅಂದಿಲ್ಲ.