ದೇವರು ನನ್ನ ಮನೆಗೆ, ಬೀಗದಕೈ ಮೇಷ್ಟ್ರ ಮನೆಗೆ

ಸ್ನೇಹಿತರೇ, ಈವತ್ತು ಬೆಳಿಗ್ಗೆಯಿಂದ ಹೊಟ್ಟೆ ಉರಿಯುತ್ತಿದೆ. ನಮ್ಮ ವಠಾರದ ಸಾವಿತ್ರಮ್ಮ ಮಗಳ ಬಾಣಂತನಕ್ಕೆಂದು ಊರಿಗೆ ಹೊರಟರು. ಹೋಗುವ ಮುನ್ನ ತಮ್ಮ ಮನೆಯ ಸಾಲಿಗ್ರಾಮವನ್ನು ತಂದು ನನ್ನ ಕೈಗಿಟ್ಟು, "ದಿನಾ ಪೂಜೆ ಮಾಡಿ ನೈವೇದ್ಯ ಇಟ್ಬುಡಿ ರಾಯರೇ" ಎಂದರು. ನಾನು ಬೀಗದಕೈಗೂ ಕೈ ಚಾಚಿದೆ.

"ಅದನ್ನ ಎದುರುಮನೆ ಮೇಷ್ಟ್ರಿಗೆ ಕೊಟ್ಟೆ."

ಮೇಷ್ಟ್ರಿಗೆ! ಮನೆಯಲ್ಲಿ ಒಂದು ದೀಪ ಹಚ್ಚದ, ದೇವರೇ ಇಲ್ಲ ಎನ್ನುವ ಮನುಷ್ಯನಿಗೆ! ನಾನೋ ಪ್ರತಿ ಮಂಗಳವಾರ ಬೆಟ್ಟದ ಮೆಟ್ಟಿಲು ಹತ್ತುವವನು. ಯಾಕೆ ಎಂದು ಕೇಳಿಯೇ ಬಿಟ್ಟೆ.

"ಹೋದ ಸಲ ಬೀಗದಕೈ ನಿಮ್ಮ ಹತ್ರಾನೇ ಇತ್ತಲ್ಲ. ಬಂದು ನೋಡಿದ್ರೆ ರೇಷನ್ ಸಕ್ಕರೆ ಅರ್ಧ ಖಾಲಿ."

"ನಿಮ್ಮ ದೇವರ ನೈವೇದ್ಯಕ್ಕೇ ತಗೊಂಡಿದ್ದು ತಾಯಿ! ತಪ್ಪಾಯ್ತು ಅಂತ ದೇವರ ಹತ್ರ ಕೇಳ್ಕೊಂಡೂ ಇದೀನಿ."

"ಅದೇ ಕಣ್ರೀ. ನಿಮಗಾದ್ರೆ ಕ್ಷಮಿಸೋಕೆ ದೇವರಿದಾನೆ. ಪಾಪ, ಮೇಷ್ಟ್ರಿಗೆ ಯಾರಿದಾರೆ?" ಎಂದು ಟಾಂಗಾ ಹತ್ತಿದರು.

ಸಂಜೆ ಎರಡೂ ಮನೆಯ ದೇವರಿಗೆ ಮಂಗಳಾರತಿ ಎತ್ತಿದೆ. ಮೇಷ್ಟ್ರು ಆ ಬೀಗದಕೈಯನ್ನು ಎಲ್ಲಾದರೂ ಕಳೆದುಕೊಳ್ಳಲಿ ಎಂದು ಮನಸಾರೆ ಬೇಡಿಕೊಂಡೆ. ಹಾಗೆ ಬೇಡಿದ್ದಕ್ಕೆ ಅಲ್ಲೇ ಕ್ಷಮೆಯನ್ನೂ ಕೇಳಿಬಿಟ್ಟೆ.